ಸರ್ವರ್‌ನ ರ‍್ಯಾಮ್ ನಾವೇ ಬದಲಿಸಬಹುದಾ? ಮಾಡಿದವರು ಹೇಳಿ

ಪ್ರಶ್ನೆ (ರಾಜಾಜಿನಗರ)

ನಮ್ಮದು ಹದಿನೆಂಟು ಜನರ ಆಫೀಸು. ಇರೋದು ಒಂದೇ ರ‍್ಯಾಕ್ ಸರ್ವರ್. ಎರಡು ಪ್ರೊಸೆಸರ್, 16 ಜಿಬಿಯ ಎಂಟು ಮೆಮೊರಿ ಕಾರ್ಡ್. ಲೆಕ್ಕಪತ್ರ, ಫೈಲುಗಳು ಎಲ್ಲ ಅದರಲ್ಲೇ. ಮೂರು ದಿನದಿಂದ ಮುಂದಿನ ದೀಪ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ಬಿ2 ಸ್ಲಾಟಿನ ಮೆಮೊರಿಯಲ್ಲಿ ತಪ್ಪುಗಳು ಮಿತಿ ಮೀರಿವೆ ಅಂತ ಮೆಷೀನೇ ಬರೆದಿಡೋ ದಾಖಲೆ (ಲಾಗ್) ಹೇಳುತ್ತಿದೆ. ಆದರೆ ಕೆಲಸ ಯಾವುದೂ ನಿಂತಿಲ್ಲ. ವಾರಂಟಿ ಮುಗಿದಿದೆ. ಮನೆ ಕಂಪ್ಯೂಟರ್‌ಗೆ ರ‍್ಯಾಮ್ ಹಾಕಿದ್ದೇನೆ, ಸರ್ವರ್ ಮುಚ್ಚಳ ತೆಗೆದವನಲ್ಲ. ನಾನೇ ಕೈ ಹಾಕಲಾ?

ಉತ್ತರ (ಪೀಣ್ಯ)

ಹಾಕಿ ಸರ್, ಭಯ ಬೇಡ. ಆದರೆ ಬಿ2 ಎಲ್ಲಿದೆ ಅಂತ ಮೊದಲು ಹುಡುಕಿಕೊಳ್ಳಿ. ನಾನು ಎಡವಿದ್ದು ಅಲ್ಲೇ.

ನಮ್ಮ ಫ್ಯಾಕ್ಟರಿ ಸರ್ವರ್‌ನಲ್ಲಿ ಎ2 ಕೆಟ್ಟಿದೆ ಅಂತ ಬಂದಿತ್ತು. ಎಡಗಡೆಯಿಂದ ಎಣಿಸಿ ಎರಡನೇದನ್ನು ಕಿತ್ತು ಹೊಸದು ಹಾಕಿದೆ. ಮುಚ್ಚಳ ಹಾಕಿ, ರ‍್ಯಾಕ್‌ಗೆ ತಳ್ಳಿ, ಟೀ ಕುಡಿದು ಬಂದು ನೋಡಿದರೆ ಮತ್ತೆ ಅದೇ ಎ2, ಅದೇ ಗೋಳು. ಆಮೇಲೆ ಟಾರ್ಚ್ ಹಿಡಿದು ಬೋರ್ಡ್ ನೋಡಿದೆ. ಸ್ಲಾಟುಗಳು 1, 2, 3 ಅಂತ ಸಾಲಾಗಿ ಇರಲೇ ಇಲ್ಲ. 1ರ ಪಕ್ಕ 5, ಅದರ ಪಕ್ಕ 9. ನಾನು ಕಿತ್ತು ಪಕ್ಕಕ್ಕಿಟ್ಟಿದ್ದು ಚೆನ್ನಾಗಿದ್ದ ಮೆಮೊರಿ ಕಡ್ಡಿ!

ಎ ಅಂದರೆ ಸಾಮಾನ್ಯವಾಗಿ ಮೊದಲ ಪ್ರೊಸೆಸರ್‌ನ ಸ್ಲಾಟುಗಳು, ಬಿ ಅಂದರೆ ಎರಡನೇದರವು. ಮುಚ್ಚಳದ ಒಳಗಡೆ ನಕ್ಷೆ ಅಂಟಿಸಿರುತ್ತಾರೆ. ಬೋರ್ಡಿನ ಮೇಲೂ ಹೆಸರು ಅಚ್ಚಾಗಿರುತ್ತದೆ. ಎರಡನ್ನೂ ಓದಿ, ಫೋನಿನಲ್ಲಿ ಒಂದು ಫೋಟೋ ತೆಗೆದು, ಆಮೇಲೆ ಕೈ ಹಾಕಿ.

ಉತ್ತರ (ಜಯನಗರ)

ಕೆಲಸ ಯಾಕೆ ನಿಂತಿಲ್ಲ ಅಂದರೆ, ಸರ್ವರ್ ಮೆಮೊರಿಯಲ್ಲಿ ಇಸಿಸಿ, ಅಂದರೆ ತಪ್ಪು ಹಿಡಿದು ತಿದ್ದೋ ವ್ಯವಸ್ಥೆ ಇರುತ್ತದೆ. ಡಿಡಿಆರ್4 ಅನ್ನೋ ಪೀಳಿಗೆಯ ಮೆಮೊರಿಯಲ್ಲಿ ಪ್ರತಿ 64 ಬಿಟ್‌ಗೆ 8 ಬಿಟ್ ಕಾವಲಿಗೆ. ಒಂದು ಬಿಟ್ ತಪ್ಪಿದರೆ ಅದೇ ಸರಿಮಾಡಿಕೊಂಡು ಲಾಗ್‌ನಲ್ಲಿ ಬರೆದಿಡುತ್ತದೆ. ಒಟ್ಟಿಗೆ ಎರಡು ತಪ್ಪಿದರೆ ಸರಿಮಾಡೋಕೆ ಆಗದೆ ಮೆಷೀನೇ ನಿಂತುಬಿಡಬಹುದು. ಈಗ ಓಡುತ್ತಿದೆಯಲ್ಲ ಅಂತ ಸುಮ್ನೆ ಕೂರಬೇಡಿ.

ಹಾಗಂತ ಇವತ್ತೇ ದುಡ್ಡು ಸುರಿಯಬೇಡಿ. ಬಿ2ದನ್ನು ಎ2ಗೆ, ಎ2ದನ್ನು ಬಿ2ಗೆ ಅದಲುಬದಲು ಮಾಡಿ ಒಂದೆರಡು ದಿನ ನೋಡಿ. ದೂರು ಎ2ಗೆ ಹೋದರೆ ಕಡ್ಡಿ ಕೆಟ್ಟಿದೆ. ಬಿ2ನಲ್ಲೇ ಉಳಿದರೆ ಸ್ಲಾಟು, ಇಲ್ಲವೇ ಪ್ರೊಸೆಸರ್ ಸಾಕೆಟ್ಟಿನ ಪಿನ್ನು. ಹೊಸ ಕಡ್ಡಿ ಹಾಕಿದರೂ ಅದು ಹೋಗೋದಿಲ್ಲ. ಎರಡೂ ಕಡೆ ದೂರು ಬರದಿದ್ದರೆ ಕಡ್ಡಿ ಸರಿಯಾಗಿ ಕೂತಿರಲಿಲ್ಲ ಅಷ್ಟೇ. ನನಗೆ ಎರಡು ಸಲ ಹಾಗೇ ಆಗಿದೆ.

ಚಿನ್ನದ ಬಣ್ಣದ ಅಂಚನ್ನು ರಬ್ಬರ್‌ನಲ್ಲಿ ಉಜ್ಜಿ ಅಂತ ಯಾರಾದ್ರೂ ಹೇಳೇ ಹೇಳುತ್ತಾರೆ. ಬೇಡ. ಲೇಪ ಸವೆಯುತ್ತದೆ, ರಬ್ಬರ್ ಪುಡಿ ಸ್ಲಾಟಿಗೆ ಬೀಳುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ, ನೂಲು ಬಿಡದ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಉತ್ತರ (ಚಾಮರಾಜಪೇಟೆ)

ಕೊಳ್ಳೋದಾದರೆ ಎಸ್‌.ಪಿ. ರೋಡ್. ನಿಮಗೆ ಸುಲಭ, ಹಸಿರು ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ನಡೆಯಿರಿ. ಮೆಮೊರಿ ಕಾರ್ಡ್ ಅಂತ ಮಾತ್ರ ಕೇಳಬೇಡಿ, ಫೋನಿಗೆ ಹಾಕೋ ಉಗುರಿನಷ್ಟು ಚೂರು ತೋರಿಸುತ್ತಾರೆ! ಸರ್ವರ್ ರ‍್ಯಾಮ್ ಅನ್ನಿ.

ಹಳೇ ಕಡ್ಡಿಯ ಚೀಟಿಯ ಫೋಟೋ ಇಟ್ಟುಕೊಂಡು ಹೋಗಿ. ಉದಾಹರಣೆಗೆ '16 ಜಿಬಿ 2ಆರ್‌ಎಕ್ಸ್4 ಪಿಸಿ4-2400ಟಿ-ಆರ್' ಅಂತ ಇರುತ್ತದೆ. ಪಿಸಿ4 ಅಂದರೆ ಡಿಡಿಆರ್4. 2400 ಅದರ ವೇಗ. ಕೊನೆಯ ಅಕ್ಷರ ಬಹಳ ಮುಖ್ಯ. ಆರ್ ಇದ್ದರೆ ರಿಜಿಸ್ಟರ್ಡ್, ಅಂದರೆ ಸರ್ವರಿನದು; ಯು ಇದ್ದರೆ ಮನೆ ಕಂಪ್ಯೂಟರಿನದು. ಎರಡಕ್ಕೂ 288 ಪಿನ್, ಸ್ಲಾಟಿಗೆ ಹಿತವಾಗಿ ಕೂರುತ್ತದೆ, ಮೆಷೀನ್ ಮಾತ್ರ ಏಳೋದಿಲ್ಲ. 'ಎರಡೂ ಒಂದೇ ಸರ್' ಅಂದ ಅಂಗಡಿಯಿಂದ ನಾನು ಎದ್ದು ಬಂದಿದ್ದೇನೆ. ಹಳೇ ಸರ್ವರ್‌ನಿಂದ ಬಿಚ್ಚಿದ ಮಾಲು ಜಾಸ್ತಿ ಸಿಗುತ್ತದೆ, ಕೆಟ್ಟದ್ದೇನಲ್ಲ. ಕೆಲಸ ಮಾಡದಿದ್ದರೆ ವಾಪಸ್ ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಕೇಳಿದವರು

ಹೊಸದು ಸಿಗೋವರೆಗೆ ಉಳಿದ ಏಳು ಕಡ್ಡಿಯಲ್ಲೇ ಓಡಿಸಬಹುದಾ?

ಉತ್ತರ (ಜಯನಗರ)

ಓಡುತ್ತದೆ, ಸ್ವಲ್ಪ ನಿಧಾನ ಆಗಬಹುದು. ಬಿ2 ಮಾತ್ರ ಖಾಲಿ ಬಿಡಬೇಡಿ, ಮಧ್ಯೆ ಖಾಲಿ ಇದ್ದರೆ ಕೆಲವು ಮೆಷೀನ್ ತಕರಾರು ಮಾಡುತ್ತವೆ. ಬಿ4ನಲ್ಲಿ ಇರೋದನ್ನು ತಂದು ಬಿ2ಗೆ ಹಾಕಿ. ತುಂಬೋ ಕ್ರಮ ನಕ್ಷೆಯಲ್ಲೇ ಇರುತ್ತದೆ.

ಉತ್ತರ (ವೈಟ್‌ಫೀಲ್ಡ್, ಊರು ಪುತ್ತೂರು)

ಬಿಚ್ಚೋ ಕೆಲಸದ ಬಗ್ಗೆ ಯಾರೂ ಹೇಳಲಿಲ್ಲ ಮಾರಾಯ್ರೆ. ವರ್ಷಕ್ಕೆ ಹತ್ತಾರು ಮಾಡುವವಳು ನಾನು, ಹೇಳುತ್ತೇನೆ.

ಮೊದಲು ಬ್ಯಾಕಪ್. ಆಮೇಲೆ ಸರಿಯಾಗಿ ಶಟ್‌ಡೌನ್. ಹಿಂದೆ ಎರಡು ಪವರ್ ವಯರ್ ಇದ್ದರೆ ಎರಡನ್ನೂ ಕೀಳಿ. ಒಂದೇ ಕಿತ್ತು ಕೈ ಹಾಕಿದವರನ್ನು ನೋಡಿದ್ದೇನೆ. ವಯರ್ ಕಿತ್ತ ಮೇಲೆ ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟು ಹೋಗುತ್ತದೆ. ಹಳಿಯ ಮೇಲೆ ಹೊರಗೆ ಎಳೆಯುವಾಗ ಒಬ್ಬರು ಹಿಂದೆ ನಿಂತು ಕೇಬಲ್ ಬಿಗಿಯಾಗದ ಹಾಗೆ ನೋಡಿಕೊಳ್ಳಲಿ. ರ‍್ಯಾಕನ್ನು ನೆಲಕ್ಕೋ ಗೋಡೆಗೋ ಬಿಗಿಯದಿದ್ದರೆ ಮುಂದಕ್ಕೆ ವಾಲಬಹುದು, ಹುಷಾರು.

ಕೈಗೆ ಆಂಟಿ ಸ್ಟ್ಯಾಟಿಕ್ ಪಟ್ಟಿ ಕಟ್ಟಿ. ನಮ್ಮ ಊರಿನ ಸೆಕೆಯಲ್ಲಿ ಅಷ್ಟು ತೊಂದರೆ ಇಲ್ಲ, ಬೆಂಗಳೂರಿನ ಫೆಬ್ರವರಿ ಗಾಳಿ ಒಣ. ಬಾಗಿಲ ಹಿಡಿ ಮುಟ್ಟಿದರೇ ಚಟ್ ಅನ್ನುತ್ತದೆ ಅಲ್ವಾ? ಕಡ್ಡಿಯನ್ನು ಅಂಚಿನಲ್ಲಿ ಹಿಡಿಯಿರಿ. ಕೆಳಗಿನ ಕಚ್ಚು ಹೊಂದಿಸಿ, ಎರಡೂ ತುದಿ ಸಮನಾಗಿ ಒತ್ತಿ. ಕ್ಲಿಪ್ಪುಗಳು ತಾವಾಗಿ ಟಕ್ ಅಂತ ಮುಚ್ಚಬೇಕು. ಮೇಲಿನ ಪ್ಲಾಸ್ಟಿಕ್ ಹೊದಿಕೆ ವಾಪಸ್ ಹಾಕೋಕೆ ಮರೆಯಬೇಡಿ. ಫ್ಯಾನಿನ ಗಾಳಿ ಪ್ರೊಸೆಸರ್ ಮೇಲೆ ಹೋಗೋದೇ ಅದರಿಂದ.

ಆನ್ ಮಾಡಿದ ಮೇಲೆ ಪರದೆ ಕೆಲವು ನಿಮಿಷ ಕಪ್ಪಗೇ ಇರಬಹುದು, ಫ್ಯಾನ್ ಜೋರಾಗಿ ಕೂಗಬಹುದು. ಮೆಮೊರಿಯನ್ನು ಅಳೆದು ಹೊಂದಿಸಿಕೊಳ್ಳುತ್ತಾ ಇರುತ್ತದೆ. ಗಾಬರಿಯಾಗಿ ವಯರ್ ಕೀಳಬೇಡಿ. ಮಾನಿಟರು, ಕೀಬೋರ್ಡು ಹತ್ತಿರ ಇರಲಿ. ಮೆಮೊರಿ ಬದಲಾಗಿದೆ, ಎಫ್1 ಒತ್ತಿ ಅಂತ ಕೇಳಿ ಕೆಲವು ಮೆಷೀನ್ ಅಲ್ಲೇ ನಿಲ್ಲುತ್ತವೆ.

ಕೇಳಿದವರು (ಎಂಟು ದಿನದ ನಂತರ)

ಆಯ್ತು. ಅದಲುಬದಲು ಮಾಡಿದ ಮಾರನೇ ದಿನವೇ ದೂರು ಎ2ಗೆ ಹೋಯಿತು. ಕಡ್ಡಿಯದೇ ತಪ್ಪು. ಎಸ್‌.ಪಿ. ರೋಡಿಗೆ ಭಾನುವಾರ ಹೋಗಿ ಇಳಿಸಿದ ಶಟರ್ ನೋಡಿಕೊಂಡು ಬಂದೆ, ಸೋಮವಾರ ಮತ್ತೆ ಹೋಗಿ ತಂದೆ. ನಕ್ಷೆ ಮುಚ್ಚಳದ ಒಳಗೇ ಇತ್ತು. ನಮ್ಮಲ್ಲೂ 1ರ ಪಕ್ಕ 5.

ಕೀಬೋರ್ಡ್ ಇಟ್ಟುಕೊಳ್ಳಿ ಅಂದಿರಲ್ಲ ಮೇಡಂ, ನಾನು ಮಾನಿಟರ್ ಮಾತ್ರ ತಂದಿದ್ದೆ. ಎಫ್1 ಒತ್ತಿ ಅಂತ ಬಂತು. ಸಂಜೆ ಏಳಕ್ಕೆ ಅಕೌಂಟ್ಸ್‌ನವರ ಮೇಜಿನಿಂದ ಕೀಬೋರ್ಡ್ ಕಿತ್ತು ತಂದೆ. ಈಗ 128 ಜಿಬಿ ಪೂರ್ತಿ ಕಾಣುತ್ತಿದೆ. ಹಳೇ ಲಾಗ್ ಅಳಿಸಿದ ಮೇಲೆ ದೀಪ ನೀಲಿಗೆ ತಿರುಗಿತು. ರಾತ್ರಿಯಿಡೀ ಮೆಮೊರಿ ಪರೀಕ್ಷಿಸೋ ಮೆಮ್‌ಟೆಸ್ಟ್ ಓಡಿಸಿದೆ, ಒಂದೂ ತಪ್ಪು ಬರಲಿಲ್ಲ. ಕೆಟ್ಟ ಕಡ್ಡಿಗೆ ಕೆಂಪು ಟೇಪು ಸುತ್ತಿ ಇಟ್ಟಿದ್ದೇನೆ, ಯಾರಾದ್ರೂ ಒಳ್ಳೇದು ಅಂತ ಮತ್ತೆ ಹಾಕದಿರಲಿ ಅಂತ.