ಅಪ್‌ಡೇಟ್: ಬಿಳಿ ಪೊರೆ ಹೋಯಿತು, ತುಕ್ಕು ಬಂತು

ಜುಲೈಯಲ್ಲಿ ಕೇಳಿದ್ದೆ: ಟೇಬಲ್ ಆಟಕ್ಕೆಂದು ಬಣ್ಣ ಹಚ್ಚಿದ 28 ಮಿಲಿಮೀಟರ್ ಸ್ಕೇಲಿನ (ಮನುಷ್ಯನ ಬೊಂಬೆ ಸುಮಾರು ಅಷ್ಟೆತ್ತರ ಇರುವ ಅಳತೆ) ಅನ್ಯಗ್ರಹದ ಯುದ್ಧ ಟ್ಯಾಂಕಿನ ಮಾದರಿಗೆ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಸ್ಪ್ರೇ ಹೊಡೆದ ಕೂಡಲೇ ಬೂದಿ ಬಳಿದಂತೆ ಬಿಳಿ ಪೊರೆ ಕಟ್ಟಿತು, ಏನು ಮಾಡಲಿ ಎಂದು. ಮಂಗಳೂರಿನ ಮಳೆಗಾಲದಲ್ಲಿ ಬಾಲ್ಕನಿಯಲ್ಲಿ ನಿಂತು ಸ್ಪ್ರೇ ಹೊಡೆದರೆ ಇನ್ನೇನಾದೀತು ಎಂದು ನೀವು ಬೈದಿದ್ದಿರಿ. ಸರಿಯೇ. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಅದೃಷ್ಟಕ್ಕೆ ಬಣ್ಣ ಕೀಳಬೇಕಾಗಲಿಲ್ಲ. ಹೊಳಪು ಕೊಡುವ ಗ್ಲಾಸಿ ವಾರ್ನಿಷ್ ಅನ್ನು ಕುಂಚದಿಂದ ತೆಳುವಾಗಿ ಹಚ್ಚಿದೆ. ಕೆಳಗಿನ ಹಸಿರು ಮರಳಿತು. ಆ ನುಣುಪಿನ ಮೇಲೆ ತೆಳು ಮಾಡಿದ ಎಣ್ಣೆ ಬಣ್ಣ ರಿವೆಟ್‌ಗಳ ಬುಡಕ್ಕೆ ತಾನಾಗಿ ಹರಿಯಿತು.

ಟ್ಯಾಂಕಿನ ಮೇಲೆ ನಾನು ಬಣ್ಣದಲ್ಲಿ ಬಿಡಿಸಿದ್ದ ತುಕ್ಕು ಕುಂಕುಮ ಚೆಲ್ಲಿದಂತಿದೆ ಎಂದವರ ಮಾತು ಮಾತ್ರ ಚುಚ್ಚಿತ್ತು. ಭಾನುವಾರ ಬಂದರಿನ ದಕ್ಕೆಗೆ ಹೋಗಿ ದೋಣಿಗಳ ಕಬ್ಬಿಣದ ಭಾಗಗಳನ್ನೇ ನೋಡುತ್ತ ನಿಂತೆ. ಮೀನು ಕೊಳ್ಳದೆ ಮೊಳೆ ನೋಡುವವನನ್ನು ಕಂಡು ಬುಟ್ಟಿಯ ಮುಂದೆ ಕುಳಿತ ಅಕ್ಕ ನಕ್ಕರು. ಹಳೆಯ ತುಕ್ಕು ಕಾಫಿ ಡಿಕಾಕ್ಷನ್‌ನಷ್ಟು ಕಪ್ಪು. ಕಿತ್ತಳೆ ಇರುವುದು ಹೊಸದರಲ್ಲಿ, ಅದೂ ಚೂರೇ ಚೂರು. ನೀರು ಇಳಿದಲ್ಲೆಲ್ಲ ಉದ್ದನೆಯ ಕಂದು ಗೆರೆ.

ಮನೆಗೆ ಬಂದು ಸ್ಪಂಜಿನ ಚೂರಿನಿಂದ ಅಂಚುಗಳಿಗಷ್ಟೇ ಕಡುಕಂದು ಒತ್ತಿದೆ. ನಡುವೆ ಒಂದೆರಡು ಕಿತ್ತಳೆ ಚುಕ್ಕಿ ಇಟ್ಟು, ಎಣ್ಣೆ ಬಣ್ಣದ ಬೊಟ್ಟನ್ನು ತಿನ್ನರ್‌ನಲ್ಲಿ ಒದ್ದೆ ಮಾಡಿದ ಕುಂಚದಿಂದ ಕೆಳಗೆಳೆದೆ. ಕೊನೆಯ ಮ್ಯಾಟ್ ಲೇಪ ಈ ಬಾರಿ ಬಾಟಲಿಯದು, ಕುಂಚದಲ್ಲಿ, ಕೋಣೆಯೊಳಗೆ. ಆ ಸ್ಪ್ರೇ ಡಬ್ಬಿಯನ್ನು ಡಿಸೆಂಬರ್‌ವರೆಗೆ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೇನೆ.