ಪಂಪ್‌ಹೌಸ್ ರೀಡಿಂಗ್ ಮೊಬೈಲ್‌ನಲ್ಲಿ ಲೈವ್ ಆಗಿ ನೋಡೋದು ಹೇಗೆ?

ಮೂಡಿಗೆರೆ_ತೋಟ:
ನಮ್ಮದು ರೋಬಸ್ಟಾ ತೋಟ. ಹೂ ಅರಳಿಸಲು ಫೆಬ್ರವರಿ, ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಹಾಕುತ್ತೇವೆ. ಕೆರೆ ಪಕ್ಕದ ಪಂಪ್‌ಹೌಸ್‌ನಲ್ಲಿ ಇಎಸ್‌ಪಿ32 (ವೈಫೈ ಇರುವ ಸಣ್ಣ ಕಂಟ್ರೋಲರ್ ಬೋರ್ಡ್) ಕೂರಿಸಿ ಮೋಟಾರ್ ಆಂಪ್ಸ್, ಪೈಪ್ ಪ್ರೆಷರ್, ನೀರಿನ ಮಟ್ಟ ಓದಿಸುತ್ತಿದ್ದೇನೆ. ಬೋರ್ಡಿನಲ್ಲೇ ಸಣ್ಣ ವೆಬ್ ಪೇಜ್ ಇದೆ, ಸೆಕೆಂಡಿಗೊಮ್ಮೆ ರಿಫ್ರೆಶ್ ಆಗುತ್ತದೆ. ನಾನು, ಅಣ್ಣ, ತೋಟದ ರೈಟರು (ಲೆಕ್ಕ ಬರೆಯುವವರು) ಒಟ್ಟಿಗೆ ತೆರೆದರೆ ಬೋರ್ಡ್ ಹ್ಯಾಂಗ್. ಅಲ್ಲಿರುವುದು ಸಿಮ್ ರೂಟರ್, ಪೋರ್ಟ್ ಫಾರ್ವರ್ಡ್ (ಹೊರಗಿನ ಕನೆಕ್ಷನ್ ಬೋರ್ಡ್‌ಗೆ ಹೋಗುವಂತೆ ರೂಟರ್‌ನಲ್ಲಿ ಸೆಟ್ಟಿಂಗ್) ಮಾಡಿದರೂ ಚಿಕ್ಕಮಗಳೂರು ಪೇಟೆಯಿಂದ ಪೇಜ್ ತೆರೆಯುವುದಿಲ್ಲ. ನೀರು ಖಾಲಿಯಾದರೆ ಫೋನಿನಿಂದಲೇ ಮೋಟಾರ್ ನಿಲ್ಲಿಸಬೇಕು ಅಂತಲೂ ಇದೆ. ವೆಬ್‌ಸಾಕೆಟ್ (ರಿಫ್ರೆಶ್ ಇಲ್ಲದೆ ಎರಡೂ ಕಡೆ ಡೇಟಾ ಹೋಗುವ, ತೆರೆದೇ ಇರುವ ಕನೆಕ್ಷನ್) ಹಾಕಿದರೆ ಸರಿಹೋಗುತ್ತಾ?

ಸಕಲೇಶಪುರದವ:
ರಿಫ್ರೆಶ್ ಕಾಟ ತಪ್ಪುತ್ತದೆ, ಅಷ್ಟೇ. ಮೊಬೈಲ್ ಸಿಮ್‌ಗಳಲ್ಲಿ ಸಾಮಾನ್ಯವಾಗಿ ಒಂದು ಪಬ್ಲಿಕ್ ಐಪಿಯನ್ನು ತುಂಬಾ ಜನ ಹಂಚಿಕೊಂಡಿರುತ್ತಾರೆ, ಹಾಗಾಗಿ ಹೊರಗಿನಿಂದ ಬಂದ ಕನೆಕ್ಷನ್ ನಿಮ್ಮ ರೂಟರ್‌ವರೆಗೆ ಬರುವುದೇ ಇಲ್ಲ. ಬೋರ್ಡೇ ಹೊರಗಿನ ಸರ್ವರ್‌ಗೆ ಕನೆಕ್ಟ್ ಆಗಬೇಕು. ಎಂಕ್ಯೂಟಿಟಿ ಬಳಸಿ, ಸಣ್ಣ ಸಣ್ಣ ಮೆಸೇಜ್ ಕಳಿಸುವ ಪ್ರೋಟೋಕಾಲ್ ಅದು. ಅದನ್ನು 1999ರಲ್ಲಿ ಮಾಡಿದ್ದೇ ಸ್ಯಾಟಲೈಟ್ ಲಿಂಕ್ ಮೂಲಕ ತೈಲದ ಪೈಪ್‌ಲೈನ್ ನೋಡಿಕೊಳ್ಳಲು, ಪ್ರತಿ ಮೆಸೇಜ್‌ಗೆ ಸೇರುವ ಹೆಡರ್ ಬರೀ 2 ಬೈಟ್‌ನಿಂದ ಶುರು, ಸಿಗ್ನಲ್ ಬಂದು ಹೋಗುವ ನಮ್ಮ ಮಲೆನಾಡಿಗೆ ಚೆನ್ನಾಗಿ ಒಗ್ಗುತ್ತದೆ. ಸಣ್ಣ ವಿಪಿಎಸ್‌ನಲ್ಲಿ (ಬಾಡಿಗೆ ಸರ್ವರ್) ಮೊಸ್ಕಿಟೊ ಬ್ರೋಕರ್ ಹಾಕಿ, ಬೋರ್ಡಿನ ಮೆಸೇಜ್ ಪಡೆದು ಬೇಕಾದವರಿಗೆ ಹಂಚುವ ಸಾಫ್ಟ್‌ವೇರ್ ಅದು. ಬೋರ್ಡ್‌ಗೆ ಒಂದೇ ಕನೆಕ್ಷನ್, ನೋಡುವವರೆಲ್ಲ ಸರ್ವರ್‌ಗೆ ಬರಲಿ. ಪಾಸ್‌ವರ್ಡ್ ಇಡಿ, 8883 ಪೋರ್ಟ್‌ನಲ್ಲಿ ಟಿಎಲ್‌ಎಸ್ (ಎನ್‌ಕ್ರಿಪ್ಷನ್) ಹಾಕಿ. ಎನ್‌ಕ್ರಿಪ್ಷನ್ ಇಲ್ಲದ 1883 ಪೋರ್ಟ್ ಸುಮ್ನೆ ತೆರೆದಿಡಬೇಡಿ.

ಹಾಸನ_ಎಂಬೆಡೆಡ್:
ಮೇಲಿನವರು ಹೇಳಿದ್ದು ಸರಿ. ಸರ್ವರ್‌ನಿಂದ ಬ್ರೌಸರ್‌ಗೆ ಬರೀ ನೋಡೋದಕ್ಕಾದರೆ ವೆಬ್‌ಸಾಕೆಟ್ ಕೂಡ ಬೇಡ, ಸರ್ವರ್ ಸೆಂಟ್ ಇವೆಂಟ್ಸ್ (ಸರ್ವರ್ ಮಾತ್ರ ಬ್ರೌಸರ್‌ಗೆ ಕಳಿಸುತ್ತಿರುವ ಒಂದೇ ಕಡೆಯ ಲೈನ್) ಸಾಕು. ಲೈನ್ ಕಟ್ಟಾದರೆ ಬ್ರೌಸರ್ ತಾನೇ ಮತ್ತೆ ಕನೆಕ್ಟ್ ಆಗುತ್ತದೆ.

ಆದರೆ ಮೋಟಾರ್ ವಿಷಯ ದಯವಿಟ್ಟು ನೆಟ್‌ಗೆ ಬಿಡಬೇಡಿ ಸಾರ್. ಸೆಂಟ್ರಿಫ್ಯೂಗಲ್ ಪಂಪ್ ನೀರಿಲ್ಲದೆ ಓಡಿದರೆ ಆಂಪ್ಸ್ ಇಳಿಯುತ್ತದೆ. ನೀವು ಅದನ್ನು ಆಗಲೇ ಓದುತ್ತಿದ್ದೀರಿ, ಅಲ್ವಾ? ಆಂಪ್ಸ್ ಮತ್ತು ಪ್ರೆಷರ್ ಎರಡೂ ಕೆಲವು ಸೆಕೆಂಡ್ ಕೆಳಗೇ ಇದ್ದರೆ ಬೋರ್ಡೇ ರಿಲೇ ಮೂಲಕ ಸ್ಟಾರ್ಟರ್ ಕಾಯಿಲ್ ಕಟ್ ಮಾಡಿ ಮೋಟಾರ್ ನಿಲ್ಲಿಸಲಿ. ಪೈಪ್ ತುಂಬುವಾಗ ಪ್ರೆಷರ್ ಕಡಿಮೆ ಇರುತ್ತದೆ, ಅಷ್ಟು ಹೊತ್ತು ಬಿಟ್ಟು ಚೆಕ್ ಶುರು ಮಾಡಿಸಿ. ಸೀಲ್ ಸುಡೋದಕ್ಕೆ ಸಿಗ್ನಲ್ ಬರೋವರೆಗೆ ಪುರುಸೊತ್ತು ಇರಲ್ಲ. ಫೋನಿನ ಸ್ಟಾಪ್ ಬಟನ್ ಇರಲಿ, ಅದು ಎರಡನೇ ದಾರಿ ಮಾತ್ರ.

ಮೂಡಿಗೆರೆ_ತೋಟ:
ರಿಲೇ ಮೊದಲು ಹಾಕುತ್ತೇನೆ. ಕರೆಂಟ್ ಹೋಗಿ ಬೋರ್ಡ್ ಆಫ್ ಆದರೆ ಪೇಜ್‌ನಲ್ಲಿ ಹಳೇ ರೀಡಿಂಗ್ ಹಾಗೇ ನಿಲ್ಲುತ್ತಾ?

ಸಕಲೇಶಪುರದವ:
ನಿಲ್ಲುತ್ತದೆ, ಅದೇ ಜಾಸ್ತಿ ಅಪಾಯ. ಬೋರ್ಡ್ ಕನೆಕ್ಟ್ ಆಗುವಾಗಲೇ ಬ್ರೋಕರ್‌ಗೆ ಲಾಸ್ಟ್ ವಿಲ್ ಮೆಸೇಜ್ (ಬೋರ್ಡ್ ಸಂಪರ್ಕ ಕಡಿದರೆ ಕಳಿಸಬೇಕಾದ ಸುದ್ದಿ) ಕೊಟ್ಟಿಡಿ. ಕೀಪ್ ಅಲೈವ್ (ಬೋರ್ಡ್ ಇದ್ದೇನೆ ಅಂತ ತಿಳಿಸಬೇಕಾದ ಅವಧಿ) 30 ಸೆಕೆಂಡ್ ಇಟ್ಟರೆ, ಅದರ ಒಂದೂವರೆ ಪಟ್ಟು, ಅಂದರೆ 45 ಸೆಕೆಂಡ್ ಸುದ್ದಿ ಇಲ್ಲದಿದ್ದಾಗ ಬ್ರೋಕರ್ ಅದನ್ನು ಎಲ್ಲರಿಗೂ ಕಳಿಸುತ್ತದೆ. ಪೇಜ್‌ನಲ್ಲಿ ಪ್ರತಿ ರೀಡಿಂಗ್ ಪಕ್ಕ ಅದು ತೆಗೆದ ಸಮಯವನ್ನೂ ತೋರಿಸಿ, ರೀಡಿಂಗ್ ಹಳೇದಾ ಹೊಸದಾ ಅಂತ ರೈಟರು ಸಮಯ ನೋಡಿಯೇ ಹೇಳುತ್ತಾರೆ.