ಪಿಯಾಜೆಯ ನೀರಿನ ಲೋಟದ ಪ್ರಯೋಗ: ಮಕ್ಕಳ ಉತ್ತರ ಅದಲುಬದಲು ಆಗುತ್ತಿದೆ, ಯಾಕೆ?

ಡಿಎಲ್‌ಎಡ್_ಎರಡನೇವರ್ಷ
5ರಿಂದ 8 ವರ್ಷದ ಮಕ್ಕಳ ಮೇಲೆ ಮನಶ್ಶಾಸ್ತ್ರಜ್ಞ ಪಿಯಾಜೆಯ ಕನ್ಸರ್ವೇಷನ್ (ಆಕಾರ ಬದಲಾದರೂ ಪ್ರಮಾಣ ಅಷ್ಟೇ ಇರುತ್ತದೆ ಎಂಬ ತಿಳಿವಳಿಕೆ) ಪ್ರಯೋಗ ಮಾಡಿ ವರದಿ ಕೊಡಬೇಕು. ಒಂದೇ ಅಳತೆಯ ಎರಡು ಲೋಟದಲ್ಲಿ ನೀರು, ಆಮೇಲೆ ಒಂದನ್ನು ಉದ್ದನೆಯ ಲೋಟಕ್ಕೆ ಸುರಿಯುವುದು. ಮೊದಲು "ಎರಡರಲ್ಲೂ ಸಮ" ಎಂದ ಮಗು ಸುರಿದ ಮೇಲೆ "ಇದರಲ್ಲಿ ಜಾಸ್ತಿ" ಎನ್ನುತ್ತದೆ, ಇನ್ನೊಮ್ಮೆ ಕೇಳಿದರೆ "ಅದರಲ್ಲಿ" ಎನ್ನುತ್ತದೆ. ಇದನ್ನು ಪೂರ್ವ ಕಾರ್ಯಾತ್ಮಕ ಹಂತ (ಈ ತಿಳಿವಳಿಕೆ ಇನ್ನೂ ಬಂದಿರದ ಹಂತ) ಎಂದೇ ಬರೆಯಬಹುದಾ? ಅಥವಾ ಪ್ರಯೋಗದಲ್ಲೇ ದೋಷ ಇದೆಯಾ?

ಶಿಶುಮನ
ಎರಡೂ ಇರಬಹುದು ಮೇಡಂ. ಮೊದಲು ದೋಷವನ್ನು ತೆಗೆಯಿರಿ, ಹಂತದ ಹೆಸರು ಆಮೇಲೆ.

ದೊಡ್ಡ ದೋಷ ಇರುವುದು ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳುವುದರಲ್ಲಿ. ತರಗತಿಯಲ್ಲಿ ಮೇಷ್ಟ್ರು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ ಮೊದಲ ಉತ್ತರ ತಪ್ಪು ಅಂತ ಮಗುವಿಗೆ ಗೊತ್ತು. ನೀವು ಮೂರನೇ ಸಲ ಕೇಳಿದಾಗ ಅದು ಉತ್ತರ ಬದಲಿಸಿದ್ದು ಅದಕ್ಕೇ ಇರಬಹುದು. 1974ರಲ್ಲಿ ರೋಸ್ ಮತ್ತು ಬ್ಲ್ಯಾಂಕ್ ಎಂಬ ಸಂಶೋಧಕರು ಆರು ವರ್ಷದ ಮಕ್ಕಳಿಗೆ, ಎರಡು ಸಾಲಾಗಿ ಇಟ್ಟ ಬಿಲ್ಲೆಗಳನ್ನು ಸರಿಸಿದ ಮೇಲೆ ಮಾತ್ರ, ಒಂದೇ ಸಲ ಪ್ರಶ್ನೆ ಕೇಳಿದರು, ತಪ್ಪುಗಳು ಕಡಿಮೆಯಾದವು. 1984ರಲ್ಲಿ ಸ್ಯಾಮ್ಯುಯೆಲ್ ಮತ್ತು ಬ್ರಯಂಟ್ 5ರಿಂದ 8½ ವರ್ಷದ 252 ಮಕ್ಕಳಲ್ಲಿ ಸಂಖ್ಯೆ (ಬಿಲ್ಲೆಗಳ ಎಣಿಕೆ), ಮುದ್ದೆ (ಆಕಾರ ಬದಲಿಸಿದ ಜೇಡಿಯಂಥ ಉಂಡೆ), ನೀರು ಮೂರರಲ್ಲೂ ಇದನ್ನೇ ಕಂಡರು. ಆದರೆ ಒಂದೇ ಪ್ರಶ್ನೆ ಕೇಳಿದಾಗಲೂ ಚಿಕ್ಕ ಮಕ್ಕಳು ದೊಡ್ಡವರಿಗಿಂತ ಹೆಚ್ಚು ತಪ್ಪು ಮಾಡಿದರು. ಪಿಯಾಜೆ ಹೇಳಿದ್ದೆಲ್ಲ ಸುಳ್ಳು ಅಂತ ಬರೆದುಬಿಡಬೇಡಿ.

ಹಾಗಾಗಿ ಮಕ್ಕಳನ್ನು ಎರಡು ಗುಂಪು ಮಾಡಿ. ಒಂದಕ್ಕೆ ಸುರಿಯುವ ಮುಂಚೆಯೂ ಆಮೇಲೂ ಕೇಳಿ, ಇನ್ನೊಂದಕ್ಕೆ ಸುರಿದ ಮೇಲೆ ಮಾತ್ರ. ನಿಮ್ಮ ವರದಿಯ ಜೀವ ಈ ಹೋಲಿಕೆಯಲ್ಲೇ ಇದೆ.

ಕಲಿಕೆ_ಮತ್ತು_ಗಣಿತ
ಸಾಮಾನಿನ ಬಗ್ಗೆ. ಸ್ಟೀಲ್ ಲೋಟ ಬೇಡ, ಮಟ್ಟ ಕಾಣುವುದಿಲ್ಲ. ಒಂದೇ ಥರದ ಎರಡು ಗಾಜಿನ ಲೋಟ, ಒಂದು ಸಪೂರ ಉದ್ದ ಲೋಟ, ಒಂದು ಅಗಲ ಬಟ್ಟಲು. ಲೋಟಕ್ಕೆ 100 ಮಿ.ಲೀ. ಸಾಕು. ನೀರಿಗೆ ಎರಡು ಹನಿ ಶಾಯಿ ಹಾಕಿ. ಕುಂಕುಮ ತಳಕ್ಕೆ ಕೂರುತ್ತದೆ, ಮಗುವಿನ ಗಮನ ಅತ್ತ ಹೋಗುತ್ತದೆ.

ಮೊದಲಿನ ಎರಡು ಲೋಟವನ್ನು ನೀವೇ ಸಮ ಮಾಡಬೇಡಿ. ಮಗುವಿನ ಕೈಗೆ ಚಮಚ ಕೊಡಿ, ಅದಕ್ಕೆ ಸಮಾಧಾನ ಆಗುವ ತನಕ ಅದೇ ಸರಿಮಾಡಲಿ. ಸುರಿದ ಮೇಲೆ ಖಾಲಿ ಲೋಟದ ತಳದಲ್ಲಿ ನಾಲ್ಕು ಹನಿ ಉಳಿದಿರುತ್ತವೆ. ಅದನ್ನು ಬೆರಳಿಟ್ಟು ತೋರಿಸಿ "ಇದರಲ್ಲಿ ಕಮ್ಮಿ, ಸ್ವಲ್ಪ ಇಲ್ಲೇ ಉಳಿದಿದೆ" ಎನ್ನುವ ಮಗು ಸರಿಯಾಗಿಯೇ ಯೋಚಿಸುತ್ತಿದೆ. ಅದಕ್ಕೆ ಸೊನ್ನೆ ಕೊಟ್ಟರೆ ಅನ್ಯಾಯ. ಚೆನ್ನಾಗಿ ಬಗ್ಗಿಸಿ, ಕೊನೆಯ ಹನಿ ಬೀಳುವ ತನಕ ಕಾಯಿರಿ.

ಪ್ರಶ್ನೆಯಲ್ಲಿ "ಸಮ" ಬಿಡಿ. ಮಗು ನೀರಿನ ಮಟ್ಟ ಸಮ ಇದೆಯಾ ಅಂತ ನೋಡಿ ಉತ್ತರಿಸಬಹುದು. "ಕುಡಿಯೋಕೆ ಇದರಲ್ಲಿ ಜಾಸ್ತಿ ಇದೆಯಾ, ಅದರಲ್ಲಿ ಜಾಸ್ತಿ ಇದೆಯಾ, ಎರಡರಲ್ಲೂ ಅಷ್ಟೇ ಇದೆಯಾ?" ಎಂದು ಕೇಳಿ. ಮೂರು ಆಯ್ಕೆಗಳ ಕ್ರಮವನ್ನು ಮಗುವಿನಿಂದ ಮಗುವಿಗೆ ಬದಲಿಸಿ, ಕೊನೆಗೆ ಕೇಳಿದ್ದನ್ನೇ ಒಪ್ಪಿಸುವ ಮಕ್ಕಳಿರುತ್ತಾರೆ. ನಿಜವಾಗಿಯೂ ನೀರು ಹೆಚ್ಚುಕಮ್ಮಿ ಇರುವ ಒಂದು ಸುತ್ತೂ ಇರಲಿ. ಅಲ್ಲೂ "ಅಷ್ಟೇ ಇದೆ" ಎಂದರೆ ಆ ಮಗುವಿನ ಉಳಿದ ಸರಿ ಉತ್ತರಗಳನ್ನು ನಂಬಲಾಗದು.

ಡಿಎಲ್‌ಎಡ್_ಎರಡನೇವರ್ಷ
ತುಂಬಾ ಉಪಯೋಗ ಆಯಿತು ಸರ್. ತುಂಟ ಗೊಂಬೆ ಬಂದು ಬಿಲ್ಲೆ ಸರಿಸುವ ವಿಧಾನ ಇನ್ನೂ ಒಳ್ಳೆಯದು ಅಂತ ಕೆಲವರು ಹೇಳುತ್ತಾರೆ. ಅದನ್ನೇ ಮಾಡಲಾ?

ಶಿಶುಮನ
ಅದು ಮೆಕ್‌ಗ್ಯಾರಿಗಲ್ ಮತ್ತು ಡೊನಾಲ್ಡ್‌ಸನ್ ಅವರದು. ದೊಡ್ಡವರು ಬೇಕೆಂದೇ ಸರಿಸದೆ ಗೊಂಬೆ ಅಕಸ್ಮಾತ್ ಕೆಡಿಸಿದಾಗ 4ರಿಂದ 6 ವರ್ಷದವರಲ್ಲಿ ಹೆಚ್ಚು ಮಕ್ಕಳು "ಅಷ್ಟೇ ಇದೆ" ಎಂದರು. ಆದರೆ ಗೊಂಬೆಯ ಆಟದಲ್ಲಿ ಮೈಮರೆತ ಮಗು ಬಿಲ್ಲೆಗಳನ್ನು ನೋಡಿಯೇ ಇರುವುದಿಲ್ಲ ಎಂಬ ಆಕ್ಷೇಪವೂ ಗಟ್ಟಿಯಾದದ್ದು. ಮಾಡುವುದಾದರೆ ಗೊಂಬೆ ಒಮ್ಮೆ ಒಂದು ಬಿಲ್ಲೆಯನ್ನು ನಿಜವಾಗಿ ಎತ್ತಿಕೊಂಡು ಹೋಗಲಿ, ಮಗು ನೋಡುತ್ತಿದೆಯಾ ಅಂತ ತಿಳಿಯುತ್ತದೆ. ಬಿಲ್ಲೆ ಬದಲು ಹುಣಸೆ ಬೀಜ ಸಾಕು: ಎರಡು ಸಾಲು, ಸಾಲಿಗೆ 6, ಬೀಜಗಳ ನಡುವೆ 3 ಸೆಂ.ಮೀ., ಆಮೇಲೆ ಒಂದು ಸಾಲಿನಲ್ಲಿ ಆ ಅಂತರವನ್ನು 6 ಸೆಂ.ಮೀ. ಮಾಡಿ ಹರಡಿ.

ಬಾಲ್ಯ_ಅಧ್ಯಯನ
ಒಂದು ಬಿಟ್ಟುಹೋಗಿದೆ. "ಯಾಕೆ ಹಾಗಂತೀಯಾ?" ಎಂದು ಕೇಳದೆ ಅಂಕ ಹಾಕಬೇಡಿ. "ಏನೂ ಸೇರಿಸಿಲ್ಲ, ತೆಗೆದಿಲ್ಲ", "ವಾಪಸ್ ಸುರಿದರೆ ಮೊದಲಿನ ಥರವೇ", "ಉದ್ದ ಇದೆ, ಆದರೆ ಸಪೂರ", ಇವುಗಳಲ್ಲಿ ಒಂದಾದರೂ ಬಂದರೆ ಕನ್ಸರ್ವೇಷನ್ ಇದೆ. ಉತ್ತರ ಸರಿ, ಕಾರಣ ಇಲ್ಲ ಎಂದರೆ ನಡುವಿನ ಹಂತ ಎಂದು ಬರೆಯಿರಿ. ಮಗುವಿನ ಮಾತನ್ನು ಹಾಗೆಹಾಗೇ ಬರೆದುಕೊಳ್ಳಿ.

ಒಂದೇ ಮಗು ಬೀಜದಲ್ಲಿ ಗೆದ್ದು ನೀರಿನಲ್ಲಿ ಸೋತರೆ ಗಾಬರಿ ಬೇಡ. ಸಂಖ್ಯೆ ಸುಮಾರು 6ರ ಹೊತ್ತಿಗೆ, ಮುದ್ದೆ ಮತ್ತು ನೀರು 7–8ಕ್ಕೆ, ತೂಕ 9–10ಕ್ಕೆ ಅಂತ ಪಿಯಾಜೆಯೇ ಹೇಳಿದ್ದಾರೆ. ವಯಸ್ಸನ್ನು ತರಗತಿಯಿಂದ ಊಹಿಸದೆ ಹುಟ್ಟಿದ ದಿನಾಂಕದಿಂದ ವರ್ಷ, ತಿಂಗಳು ಎರಡನ್ನೂ ಬರೆಯಿರಿ. 5 ವರ್ಷ 1 ತಿಂಗಳಿನ ಮಗುವನ್ನೂ 5 ವರ್ಷ 11 ತಿಂಗಳಿನ ಮಗುವನ್ನೂ ಒಂದೇ ಕಾಲಂಗೆ ಹಾಕಿದರೆ, ನೀವು ಹುಡುಕುತ್ತಿರುವ ಬದಲಾವಣೆಯೇ ಆ ಕಾಲಂನಲ್ಲಿ ಮುಚ್ಚಿಹೋಗುತ್ತದೆ.